'ಕಂಟ್ರೋಲ್': ಇಯಾನ್ ಕರ್ಟಿಸ್ ಸಾವಿಗೆ ಇಬ್ಬರು ಸಾಕ್ಷಿಗಳು

ರಾಕ್ ಸಂಗೀತಗಾರರ ಬದುಕನ್ನು ಹೇಳುವ ಸಿನಿಮಾಗಳಿಗೆ ಒಂದು ಸಿದ್ಧ ಅಚ್ಚಿದೆ. ಪ್ರತಿಭೆ, ಕೀರ್ತಿ, ಕುಡಿತ, ಅಕಾಲ ಮರಣ. 1991ರಲ್ಲಿ ಆಲಿವರ್ ಸ್ಟೋನ್ ತೆಗೆದ 'ದಿ ಡೋರ್ಸ್' ಜಿಮ್ ಮಾರಿಸನ್‌ನನ್ನು ಎರಕ ಹೊಯ್ದದ್ದು ಈ ಅಚ್ಚಿನಲ್ಲೇ. ಇಂಥವರನ್ನು ನಾವು 'ತನ್ನನ್ನು ತಾನೇ ಸುಟ್ಟುಕೊಂಡ ಕಲಾವಿದ' ಎನ್ನುತ್ತೇವೆ. ಆ ಮಾತು ವಿವರಣೆಯಂತೆ ಕೇಳಿಸುತ್ತದೆ, ಆದರೆ ಏನನ್ನೂ ವಿವರಿಸುವುದಿಲ್ಲ. ಆಂಟನ್ ಕಾರ್ಬೈನ್ ನಿರ್ದೇಶನದ 'ಕಂಟ್ರೋಲ್' (2007) ನನಗೆ ಮುಖ್ಯವೆನಿಸುವುದು ಈ ಕಾರಣಕ್ಕೆ.

'ಜಾಯ್ ಡಿವಿಷನ್' ತಂಡದ ಗಾಯಕ ಇಯಾನ್ ಕರ್ಟಿಸ್ (1956–1980) ಬೆಳೆದದ್ದು ಮ್ಯಾಂಚೆಸ್ಟರ್ ಸಮೀಪದ ಮ್ಯಾಕಲ್ಸ್‌ಫೀಲ್ಡ್‌ನಲ್ಲಿ. 19ಕ್ಕೇ ಮದುವೆಯಾಗಿತ್ತು. ಹಗಲು ಉದ್ಯೋಗ ವಿನಿಮಯ ಕಚೇರಿಯಲ್ಲಿ ನೌಕರಿ. ಅಂಗವಿಕಲರಿಗೆ ಕೆಲಸ ಹುಡುಕಿಕೊಡಲು ನೆರವಾಗುತ್ತಿದ್ದ. ಅಲ್ಲಿ ಪರಿಚಯವಾದ ಮೂರ್ಛೆರೋಗದ ಯುವತಿಯೊಬ್ಬಳು ತೀರಿಕೊಂಡಳು. 'ಶೀಸ್ ಲಾಸ್ಟ್ ಕಂಟ್ರೋಲ್' ಹಾಡು ಹುಟ್ಟಿದ್ದು ಅವಳ ನೆನಪಿನಿಂದ. 1978ರ ಡಿಸೆಂಬರ್‌ನಲ್ಲಿ ಲಂಡನ್ನಿನ ಕಾರ್ಯಕ್ರಮ ಮುಗಿಸಿ ಮರಳುವಾಗ ಅವನಿಗೇ ಮೂರ್ಛೆ ಬಂತು. ಮುಂದಿನ ತಿಂಗಳು ಕಾಯಿಲೆ ಖಚಿತವಾಯಿತು.

ಆ ಕಾಲದ ಔಷಧಗಳಲ್ಲಿ ಕೆಲವು ಮನಸ್ಸನ್ನೇ ಕುಗ್ಗಿಸುವಂಥವು. ವೈದ್ಯರು ಹೇಳುವ ನಿದ್ದೆ, ವಿಶ್ರಾಂತಿಗಳಿಗೂ ರಾತ್ರಿಯಿಡೀ ಊರೂರು ಸುತ್ತುವ ತಂಡದ ಬದುಕಿಗೂ ಹೊಂದಾಣಿಕೆ ಇರಲಿಲ್ಲ. ವೇದಿಕೆಯ ಮೇಲೆ ಅವನು ಕೈಕಾಲು ಅದುರಿಸಿ ಕುಣಿಯುತ್ತಿದ್ದ; ಕುಣಿತ ಯಾವುದು, ನಿಜವಾದ ಮೂರ್ಛೆ ಯಾವುದು ಎಂದು ನೋಡುವವರಿಗೆ ತಿಳಿಯುತ್ತಿರಲಿಲ್ಲ. ಮಗಳು ಹುಟ್ಟಿದ ಮೇಲೂ ದಾಂಪತ್ಯ ಒಡೆಯುತ್ತಲೇ ಇತ್ತು. 1980ರ ಮೇ 18ರಂದು, ತಂಡ ಅಮೆರಿಕ ಪ್ರವಾಸಕ್ಕೆ ಹೊರಡುವ ಹಿಂದಿನ ದಿನ, ಅವನು ಆತ್ಮಹತ್ಯೆ ಮಾಡಿಕೊಂಡ. ಆಗ ವಯಸ್ಸು 23.

ಚಿತ್ರಕ್ಕೆ ಆಧಾರ, ಪತ್ನಿ ಡೆಬೊರಾ 1995ರಲ್ಲಿ ಪ್ರಕಟಿಸಿದ ನೆನಪುಗಳು. ಕಾರ್ಬೈನ್ ಕೂಡ ಹೊರಗಿನವರಲ್ಲ. 1979ರಲ್ಲಿ ಲಂಡನ್ನಿನ ಸುರಂಗ ರೈಲು ನಿಲ್ದಾಣದಲ್ಲಿ ತಂಡದ ಫೋಟೊ ತೆಗೆದವರು ಅವರೇ. ಕರ್ಟಿಸ್ ಸತ್ತ ಮೇಲೆ ಅವನ ಸುತ್ತ ದಂತಕತೆ ಬೆಳೆದದ್ದರಲ್ಲಿ ಆ ಕಪ್ಪು ಬಿಳುಪು ಚಿತ್ರಗಳ ಪಾಲೂ ಇದೆ. ಹಾಗಾಗಿ ಸಿನಿಮಾದೊಳಗೆ ಇಬ್ಬರು ಸಾಕ್ಷಿಗಳಿದ್ದಾರೆ: ಮನೆಯನ್ನು ಕಂಡ ಹೆಂಡತಿ, ಚಹರೆಯನ್ನು ಕಂಡ ಛಾಯಾಗ್ರಾಹಕ.

ಒಂದು ದೃಶ್ಯದಲ್ಲಿ ಇಯಾನ್ (ಸ್ಯಾಮ್ ರೈಲಿ) ಬೀದಿಯಲ್ಲಿ ನಡೆದು ಹೋಗುತ್ತಾನೆ. ಕೋಟಿನ ಬೆನ್ನ ಮೇಲೆ ದೊಡ್ಡ ಅಕ್ಷರಗಳಲ್ಲಿ 'ಹೇಟ್' ಎಂದು ಬರೆದಿದೆ. ಅವನು ಹೋಗಿ ಸೇರುವುದು ಸರ್ಕಾರಿ ಕಚೇರಿಯನ್ನು. ದಂತಕತೆ ಬಿಟ್ಟುಬಿಡುವ ಆ ಕಚೇರಿ, ಮಾತ್ರೆ, ಮಗುವಿನ ತೊಟ್ಟಿಲುಗಳನ್ನು ಸಿನಿಮಾ ಮರಳಿ ತಂದಿದೆ.

ಆದರೂ ನನಗೊಂದು ತಕರಾರಿದೆ. ಪುಸ್ತಕದಲ್ಲಿ ನೋಡುವವಳು ಡೆಬೊರಾ. ಸಿನಿಮಾದಲ್ಲಿ ಕ್ಯಾಮೆರಾ ಇಯಾನ್‌ನ ಹಿಂದೆಯೇ ಹೋಗುತ್ತದೆ. ಸಮಾಂತಾ ಮಾರ್ಟನ್ ಎಷ್ಟೇ ಚೆನ್ನಾಗಿ ನಟಿಸಿದರೂ ಆ ಪಾತ್ರ ಬಾಗಿಲ ಬಳಿ ಕಾಯುವವಳಾಗಿಯೇ ಉಳಿಯುತ್ತದೆ. ಚೌಕಟ್ಟುಗಳು ಸುಂದರವಾಗಿವೆ. ಆ ಸೌಂದರ್ಯವೇ ಹಳೆಯ ದಂತಕತೆಗೆ ಮತ್ತೆ ಜಾಗ ಮಾಡಿಕೊಡುತ್ತದೆ. 'ಕಂಟ್ರೋಲ್' ನೋಡಿದವರು ಡೆಬೊರಾ ಪುಸ್ತಕವನ್ನೂ ಓದಬೇಕು ಎನ್ನುವುದು ಅದಕ್ಕೇ.