ಬಳ್ಳಾರಿಯ ಬೂದಿದಿಬ್ಬಗಳೂ ಪ್ರಯೋಗಶಾಲೆಯ ಸಾಕ್ಷ್ಯವೂ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿ ಒಂದು ದಿಬ್ಬವಿದೆ. ದೂರದಿಂದ ನೋಡಿದರೆ ಮಣ್ಣಿನ ಗುಡ್ಡೆ. ಹತ್ತಿರ ಹೋಗಿ ಹಿಡಿ ತುಂಬ ಎತ್ತಿಕೊಂಡರೆ ಬೂದಿ. ನಡುನಡುವೆ ಒಮ್ಮೆ ಕರಗಿ, ಗಾಜಿನಂತೆ ಗಟ್ಟಿಯಾದ ಕಿಟ್ಟದ ಹೆಂಟೆಗಳು. ಇಂತಹ ಬೂದಿದಿಬ್ಬಗಳು ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಹಲವಿವೆ. ಹಂಪೆಯ ಸಮೀಪದ ನಿಂಬಾಪುರದ ದಿಬ್ಬವನ್ನು ಜನರು ವಾಲಿಯ ಚಿತಾಭಸ್ಮವೆಂದು ಹೇಳುತ್ತಾರೆ. ಇದನ್ನು ಕೇಳಿ ನಗಬೇಕಾಗಿಲ್ಲ. ಇಷ್ಟು ಬೂದಿ ಉಳಿಯಬೇಕಾದರೆ ಸುಟ್ಟದ್ದು ಸಾಮಾನ್ಯ ದೇಹವಾಗಿರಲಾರದೆಂಬ ತರ್ಕ ಅದರ ಹಿಂದಿದೆ.

ವಿದ್ವಾಂಸರ ಊಹೆಗಳು ಇದಕ್ಕಿಂತ ಬಹಳ ಮುಂದೆ ಹೋಗಿದ್ದವೆಂದು ಹೇಳುವಂತಿಲ್ಲ. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ನ್ಯೂಬೋಲ್ಡ್ 1843ರಲ್ಲಿ ಈ ದಿಬ್ಬಗಳ ಬಗ್ಗೆ ಲೇಖನ ಪ್ರಕಟಿಸಿದ. ಜ್ವಾಲಾಮುಖಿಯ ಉಗುಳೆಂದರು ಕೆಲವರು. ಸಾಮೂಹಿಕ ಶವದಹನದ ಕುರುಹೆಂದರು ಕೆಲವರು. ಲೋಹ ಕರಗಿಸಿದ ಕುಲುಮೆಯ ಕಿಟ್ಟವೆಂದರು ಮತ್ತೆ ಕೆಲವರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಬಳ್ಳಾರಿಯ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ತಿರುಗಿ, ಕಲ್ಲಿನ ಕೊಡಲಿಗಳನ್ನು ಆಯ್ದು, ಇದು ದನದ ಸಗಣಿ ಸುಟ್ಟ ಬೂದಿ, ಇಲ್ಲಿ ನವಶಿಲಾಯುಗದ ಗೋಪಾಲಕರು ಇದ್ದರು ಎಂದು ಸೂಚಿಸಿದ. ಮಾತು ಸರಿಯಾಗಿತ್ತು. ಆದರೆ ಸರಿಯಾದ ಮಾತೂ ಪುರಾವೆ ದೊರೆಯುವವರೆಗೆ ಹಲವು ಊಹೆಗಳಲ್ಲಿ ಒಂದಾಗಿಯೇ ಉಳಿಯುತ್ತದೆ.

ಕುರುಗೋಡಿಗೆ ಹೋದರೆ ನಮ್ಮಂತಹ ಕನ್ನಡ ಮೇಷ್ಟರುಗಳಿಗೆ ಧೈರ್ಯ ಬರುತ್ತದೆ. ಅಲ್ಲಿ ಶಾಸನಗಳಿವೆ, ಅಕ್ಷರ ಬಲ್ಲವರು ಸಿಂದ ಅರಸರ ಹೆಸರುಗಳನ್ನು ಓದಬಹುದು. ಬೂದಿಗೆ ಅಂತಹ ಲಿಪಿಯಿಲ್ಲ. ಅದನ್ನು ಓದಲು ಬೇರೆಯೇ ಕಣ್ಣು ಬೇಕು. ಆ ಕಣ್ಣು ದೊರೆತದ್ದು 1960ರಲ್ಲಿ. ಲಂಡನ್ ವಿಶ್ವವಿದ್ಯಾನಿಲಯದ ಪುರಾತತ್ತ್ವ ಸಂಸ್ಥೆಯ ಝಾಯ್ನರ್ ಎಂಬ ವಿದ್ವಾಂಸರು ನಮ್ಮ ದಿಬ್ಬಗಳ ಬೂದಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಅದರ ಮೂಲ ಸಗಣಿಯೇ ಎಂದು ತೋರಿಸಿಕೊಟ್ಟರು.

ಇದರ ಮರ್ಮ ಸರಳವಾದದ್ದು. ಹುಲ್ಲು ನೆಲದಿಂದ ನೀರಿನೊಡನೆ ಸಿಲಿಕವನ್ನೂ ಹೀರುತ್ತದೆ; ಅದು ಹುಲ್ಲಿನ ಕೋಶಗಳ ಆಕಾರವನ್ನೇ ತಳೆದು ಸಣ್ಣ ಕಣಗಳಾಗಿ ನಿಲ್ಲುತ್ತದೆ. ದನ ಮೇಯ್ದರೂ ಅದು ಕರಗದು. ಸಗಣಿಯನ್ನು ಸುಟ್ಟರೂ ಅಷ್ಟು ಸುಲಭವಾಗಿ ಅಳಿಯದು. ಸೂಕ್ಷ್ಮದರ್ಶಕದ ಕೆಳಗೆ ಅದು ಹುಲ್ಲಿನ ಹಸ್ತಾಕ್ಷರದಂತೆ ಕಾಣುತ್ತದೆ. ಸಗಣಿಯ ರಾಶಿಗೆ ಬೆಂಕಿ ಹತ್ತಿ ಕಾವು ಏರಿದಾಗ ಬೂದಿಯಲ್ಲಿರುವ ಕ್ಷಾರವು ಸಿಲಿಕವನ್ನು ಬೇಗ ಕರಗಿಸುತ್ತದೆ. ಹೀಗೆ ಹುಟ್ಟಿದ್ದು ಆ ಗಾಜಿನಂತಹ ಕಿಟ್ಟ. ಅದಕ್ಕೆ ಜ್ವಾಲಾಮುಖಿಯೂ ಬೇಡ, ಕುಲುಮೆಯೂ ಬೇಡ. ಇದಕ್ಕೆ ಮೊದಲೇ 1957ರಲ್ಲಿ ಆಲ್ಚಿನ್ ಅವರು ಇಂದಿನ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆದಾಗ ದನದ ಗೊರಸಿನ ಗುರುತುಗಳೇ ದೊರೆತಿದ್ದವು. ಗುದ್ದಲಿ ಹೇಳಿದ ಮಾತಿಗೆ ಉಪಕರಣವೂ ಹೂಂಗುಟ್ಟಿತು.

ಕಾಲದ ಪ್ರಶ್ನೆಯೂ ಹೀಗೆಯೇ ಬಗೆಹರಿಯಿತು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಬೆಟ್ಟಗಳಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು 1960ರ ದಶಕದಲ್ಲಿ ಉತ್ಖನನ ನಡೆಸಿದರು. ಅಲ್ಲಿನ ಇದ್ದಿಲು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಹೋಯಿತು. ಇಂಗಾಲದ ಪರೀಕ್ಷೆಯಿಂದ ಆ ಬೆಟ್ಟವಾಸಿಗಳು ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದವರೆಂದು ತಿಳಿದುಬಂತು.

ಗಮನಿಸಿ: ಬೂದಿ ನಮ್ಮದು, ಇದ್ದಿಲು ನಮ್ಮದು, ಉತ್ತರ ಬಂದದ್ದು ಲಂಡನ್ನಿನಿಂದ, ಮುಂಬಯಿಯಿಂದ. ಇದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ವಸ್ತುವಿನ ಒಳಗಿನ ಹರಳಿನ ರಚನೆಯನ್ನು ತಿಳಿಸುವ ಎಕ್ಸ್-ಕಿರಣ ಯಂತ್ರ, ಇವನ್ನು ಪ್ರತಿಯೊಂದು ಕಾಲೇಜೂ ಕೊಳ್ಳಲಾರದು, ಕೊಂಡರೂ ನಡೆಸಲಾರದು. ಊರಿಗೊಂದು ಕೆರೆಯಿರುವಂತೆ ಹಲವರಿಗೆ ಒಂದು ಯಂತ್ರವಿರಲಿ ಎಂಬ ವಿವೇಕದಿಂದಲೇ 1970ರ ದಶಕದಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಪ್ರಾದೇಶಿಕ ಉಪಕರಣ ಕೇಂದ್ರಗಳನ್ನು ತೆರೆಯಲಾರಂಭಿಸಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಇಂತಹ ಹಂಚಿಕೆಯ ಉಪಕರಣ ಕೇಂದ್ರವಿದೆ. ವಿಶ್ವವಿದ್ಯಾಲಯಗಳೆಲ್ಲ ಬಳಸಲೆಂದು 1984ರಲ್ಲಿ ದೆಹಲಿಯಲ್ಲಿ ಆರಂಭವಾದ ಸಂಸ್ಥೆಯೊಂದು ಇಂದು ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರವೆಂಬ ಹೆಸರಿನಿಂದ ಇಂಗಾಲದ ಕಾಲಮಾಪನವನ್ನೂ ಮಾಡಿಕೊಡುತ್ತದೆ. ಹಿಂದೆ ಹಿಡಿಗಟ್ಟಲೆ ಇದ್ದಿಲು ಬೇಕಾಗಿದ್ದ ಪರೀಕ್ಷೆಗೆ ಈಗ ಒಂದು ಸುಟ್ಟ ಕಾಳು ಸಾಕು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಅಧ್ಯಾಪಕನಾಗಿದ್ದಾಗ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ದಿಬ್ಬವೊಂದಕ್ಕೆ ಹೋಗಿದ್ದೆ. ಉತ್ಸಾಹದಿಂದ ಒಂದು ಹೆಂಟೆ ಕಿಟ್ಟವನ್ನು ತಂದು ಮೇಜಿನ ಮೇಲಿಟ್ಟೆ. ಕೆಲವು ವರ್ಷಗಳ ಮೇಲೆ ರಸಾಯನಶಾಸ್ತ್ರದ ಸ್ನೇಹಿತರೊಬ್ಬರು ಅದನ್ನು ನೋಡಿ, "ಪರೀಕ್ಷೆಗೆ ಕಳಿಸೋಣ, ಇದನ್ನು ಎಷ್ಟು ಆಳದಿಂದ, ಯಾವ ಪದರದಿಂದ ತೆಗೆದಿರಿ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. "ಇದು ಏನೆಂದು ಯಂತ್ರ ಹೇಳೀತು, ಎಲ್ಲಿಯದೆಂದು ನೀವೇ ಹೇಳಬೇಕು" ಎಂದರು ಅವರು. ಹಸ್ತಪ್ರತಿಯಿಂದ ಹರಿದ ಒಂದು ಗರಿಯನ್ನು ಶಿಷ್ಯರು ತಂದಿದ್ದರೆ ನಾನು ಎಷ್ಟು ಗದರಿಸುತ್ತಿದ್ದೆ! ದಿಬ್ಬದಿಂದ ಗರಿ ಹರಿದು ತಂದವನು ನಾನೇ ಆಗಿದ್ದೆ.

ಇದು ನನ್ನೊಬ್ಬನ ಕಥೆಯಲ್ಲ. ಈ ಸೀಮೆಯ ದಿಬ್ಬಗಳ ಬೂದಿ ಗೊಬ್ಬರವಾಗಿ ಹೊಲಗಳಿಗೆ ಹೋಗಿದೆ. ಸಂಗನಕಲ್ಲು, ಕಪಗಲ್ಲುಗಳ ಬೆಟ್ಟಗಳನ್ನು ಕಲ್ಲುಗಣಿ ತಿಂದಿದೆ. ರೈತನನ್ನು ದೂರಿ ಫಲವಿಲ್ಲ. ಅದು ಏನೆಂದು ಅವನಿಗೆ ಹೇಳಿದವರಾರು? ನಾಳೆ ಇನ್ನೂ ಸೂಕ್ಷ್ಮವಾದ ಯಂತ್ರ ಬಂದೀತು. ಆದರೆ ಹೊಲಕ್ಕೆ ಚೆಲ್ಲಿದ ಬೂದಿಯನ್ನು ಪದರ ಪದರವಾಗಿ ಮತ್ತೆ ಕೂಡಿಸುವ ಯಂತ್ರ ಯಾವ ವಿಶ್ವವಿದ್ಯಾಲಯಕ್ಕೂ ಬರಲಾರದು.

ನಮ್ಮ ಹಿರಿಯರು ಹಣೆಗೆ ಧರಿಸುವ ವಿಭೂತಿಯೂ ಸಗಣಿಯನ್ನು ಸುಟ್ಟು ಮಾಡಿದ್ದೇ. ಅದನ್ನು ಬೂದಿಯೆಂದು ತುಳಿಯುವವರಿಲ್ಲ. ನಾಲ್ಕು ಸಾವಿರ ವರ್ಷಗಳ ಹಿಂದೆ ಈ ನೆಲದಲ್ಲಿ ದನ ಕಾಯ್ದವರು ಬಿಟ್ಟುಹೋದ ಬೂದಿಗೂ ಅಷ್ಟು ಮರ್ಯಾದೆ ಸಲ್ಲಬೇಡವೆ?

(ಬಾನುಲಿ ಭಾಷಣ)