ಚಳ್ಳಕೆರೆ ಬಿಸಿಲಿಗೆ ಹಿಮದ ಟೈರ್ ಯಾಕೆ?

ಎಸ್‌ಯುವಿ ಕೊಂಡವರು ನಾಲ್ಕೈದು ವರ್ಷಕ್ಕೊಮ್ಮೆ ಟೈರ್ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಲೇಬೇಕು. ಬೆಂಗಳೂರಿನ ಅಂಗಡಿಗಳಲ್ಲಿ ಈಗೀಗ ಕೇಳಿಬರುವ ಬೇಡಿಕೆ ಹೆಚ್ಚುಕಡಿಮೆ ಒಂದೇ: "ಹೈವೇಗೆ ಚೆನ್ನಾಗಿರಬೇಕು, ತುಂಬಾ ವರ್ಷ ಬಾಳಿಕೆ ಬರಬೇಕು, ಡಿಸೆಂಬರ್‌ನಲ್ಲಿ ಮನಾಲಿಗೆ ಹೋಗೋ ಪ್ಲಾನ್ ಇದೆ, ಸ್ವಲ್ಪ ಸ್ನೋಗೂ ಆಗಬೇಕು." ಅಂಗಡಿಯವರು ದಪ್ಪ ಬಟನ್ನಿನ ಆಲ್ ಟೆರೈನ್ ಟೈರ್ ತಂದು ತೋರಿಸ್ತಾರೆ. ನೋಡೋಕೆ ಗಡುಸಾಗಿರುತ್ತೆ, ಫೋಟೊಗೂ ಚೆನ್ನ. ಆಮೇಲೆ ಅದೇ ಗಾಡಿ ವರ್ಷಕ್ಕೆ ಹತ್ತು ಸಲ ತುಮಕೂರು, ಹಿರಿಯೂರು, ಚಳ್ಳಕೆರೆ ದಾಟಿ ಬಳ್ಳಾರಿಗೋ ಹಂಪಿಗೋ ಹೋಗಿ ಬರುತ್ತೆ. ಮನಾಲಿ ಪ್ಲಾನ್ ಮುಂದಿನ ಡಿಸೆಂಬರ್‌ಗೆ ಹೋಗುತ್ತೆ.

ಈ ಚಳ್ಳಕೆರೆ ರಸ್ತೆಯನ್ನೇ ಇಟ್ಟುಕೊಂಡು ಟೈರಿನ ಇತಿಹಾಸ ನೋಡಿದರೆ ಹೇಗೆ? ಯಾಕೆಂದರೆ ಇದು ಚಕ್ರಕ್ಕೆ ಹೇಳಿ ಮಾಡಿಸಿದ ಪರೀಕ್ಷೆಯ ನೆಲ. ಈಗಿನ 150ಎ ರಾಷ್ಟ್ರೀಯ ಹೆದ್ದಾರಿ ಹಿರಿಯೂರಿನಿಂದ ಚಳ್ಳಕೆರೆಗೆ ಬಂದು, ತ.ರಾ.ಸು. ಮನೆತನದ ಊರಾದ ತಳಕು ದಾಟಿ, ಮೊಳಕಾಲ್ಮೂರಿನ ಸೀಮೆ ಹಾದು ಬಳ್ಳಾರಿಗೆ ಹೋಗುತ್ತೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳು ಇವು. ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ಹತ್ತಿರ ಇರುತ್ತೆ; ಅಂಥ ಮಧ್ಯಾಹ್ನ ಡಾಂಬರಿನ ಮೈ 60 ಡಿಗ್ರಿ ಮುಟ್ಟುವುದು ಏನೂ ಅಪರೂಪವಲ್ಲ.

ದಾರಿ ಮಾತ್ರ ಬಲು ಹಳೆಯದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅಶೋಕನ ಶಾಸನಗಳಿವೆ, ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದದ್ದು 1892ರಲ್ಲಿ. ಸುವರ್ಣಗಿರಿಯಿಂದ ಇಸಿಲಕ್ಕೆ ಬಂದ ಆದೇಶ ಅದು. ಬರೆದವನ ಹೆಸರು ಚಪಡ. ತಾನು ಲಿಪಿಕಾರ ಅನ್ನುವ ಒಂದು ಮಾತನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಆ ಲಿಪಿ ಗಾಂಧಾರದ ಕಡೆಯದು. ಅಂದರೆ ಹಿಮ ಬೀಳುವ ಬೆಟ್ಟಗಳ ಸೀಮೆಯ ಅಕ್ಷರ ಕಲಿತಿದ್ದ ಒಬ್ಬನ ಕೈಬರಹ ಎರಡು ಸಾವಿರ ವರ್ಷಕ್ಕೂ ಹಿಂದೆ ಈ ಬಿಸಿಲುನಾಡಿನ ಬಂಡೆಯ ಮೇಲೆ ಕೂತಿದೆ. ಹಿಮಕ್ಕೂ ಮೊಳಕಾಲ್ಮೂರಿಗೂ ನನಗೆ ಸಿಕ್ಕ ನಂಟು ಇದೊಂದೇ.

ಚಳ್ಳಕೆರೆ ಸುತ್ತಿನ ಕಾವಲುಗಳದ್ದು ಇನ್ನೊಂದು ಕಥೆ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಅನ್ನಿಸಿಕೊಂಡು, ಟಿಪ್ಪು ಕಾಲಕ್ಕೆ ಅಮೃತ ಮಹಲ್ ಆದ ದನಗಳ ತಳಿ ಮೇಯುತ್ತಿದ್ದ ಹುಲ್ಲುಗಾವಲುಗಳವು. ಆ ಎತ್ತುಗಳನ್ನು ಸಾಕಿದ್ದೇ ಫಿರಂಗಿ, ಮದ್ದುಗುಂಡಿನ ಗಾಡಿ ಎಳೆಸುವುದಕ್ಕೆ. ಎತ್ತಿನ ತಾಕತ್ತಿನ ಬಗ್ಗೆ ಬ್ರಿಟಿಷ್ ಸೇನಾಧಿಕಾರಿಗಳು ಸಾಕಷ್ಟು ಬರೆದರು. ಗಾಲಿಯ ಬಗ್ಗೆ ಬರೆದವರು ಕಡಿಮೆ.

ಆ ಗಾಲಿಯ ಟೈರ್ ಅಂದರೆ ಕಬ್ಬಿಣದ ಪಟ್ಟಿ. ಮರದ ಗಾಲಿಗಿಂತ ಕೂದಲೆಳೆಯಷ್ಟು ಸಣ್ಣ ಬಳೆ ಮಾಡಿ, ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ ಮೇಲೆ ನೀರು ಸುರಿಯುತ್ತಿದ್ದರು. ಕಬ್ಬಿಣ ಕುಗ್ಗಿ ಮರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಬಡಗಿ, ಕಮ್ಮಾರ ಇಬ್ಬರ ಲೆಕ್ಕವೂ ಸರಿಹೋಗಬೇಕಾದ ಕೆಲಸ. ಆದರೆ ಬೇಸಿಗೆ ಬಂತೆಂದರೆ ಒಣಹವೆಗೆ ಮರ ಸೊರಗಿ ಪಟ್ಟಿ ಸಡಿಲವಾಗುತ್ತಿತ್ತು. ಗಾಡಿಯವರು ಗಾಲಿಗೆ ನೀರು ಕುಡಿಸುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಮತ್ತೆ ಕಮ್ಮಾರನ ಕುಲುಮೆ. ಕೀಲೆಣ್ಣೆಯ ಗೊಟ್ಟ ಗಾಡಿಯ ಕೆಳಗೆ ತೂಗಾಡುತ್ತಲೇ ಇರುತ್ತಿತ್ತು. ಬಾಳಿಕೆ ಅನ್ನೋದು ಗಾಲಿಯಲ್ಲಿ ಎಷ್ಟಿತ್ತೋ ಅದನ್ನು ನೋಡಿಕೊಳ್ಳುವ ಕೈಯಲ್ಲೂ ಅಷ್ಟೇ ಇತ್ತು.

ರಬ್ಬರಿನ ಕಥೆಯೂ ಬಿಸಿಲಿನಿಂದಲೇ ಶುರು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ರಬ್ಬರ್ ಸಾಮಾನು ಬೇಸಿಗೆಯಲ್ಲಿ ಕರಗಿ ಅಂಟಂಟಾಗುತ್ತಿತ್ತು, ಚಳಿಗಾಲದಲ್ಲಿ ಬಿರಿದು ಚೂರಾಗುತ್ತಿತ್ತು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದರೆ ಎರಡೂ ತಡೆಯುತ್ತೆ ಅಂತ ಕಂಡುಕೊಂಡ. ಗಾಳಿ ತುಂಬಿದ ಟೈರಿಗೆ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಜಗತ್ತು ಅದನ್ನು ಮರೆತು, 1888ರಲ್ಲಿ ಡನ್‌ಲಪ್‌ನಿಂದ ಮತ್ತೆ ಕಲಿಯಿತು. ಅಂದರೆ ಬಿಸಿಲಿಗೂ ಹಿಮಕ್ಕೂ ಒಂದೇ ರಬ್ಬರ್ ಬೇಕು ಅಂತ ನಾವು ಕೇಳುತ್ತಿರುವುದು ಸುಮಾರು ಇನ್ನೂರು ವರ್ಷದ ಹಳೇ ಪ್ರಶ್ನೆ. ಉತ್ತರ ಪೂರ್ತಿ ಇನ್ನೂ ಸಿಕ್ಕಿಲ್ಲ.

(ಸ್ಟೆಪ್ನಿ ಅನ್ನೋ ಪದ ಎಲ್ಲಿಂದ ಬಂತು ಗೊತ್ತಾ? ವೇಲ್ಸ್‌ನ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ. 1904ರಲ್ಲಿ ಅಲ್ಲಿ ತಯಾರಾದ ಬದಲಿ ಚಕ್ರಕ್ಕೆ ಬೀದಿಯ ಹೆಸರಿಟ್ಟರು. ಇವತ್ತಿಗೂ ನಮ್ಮ ಪಂಚರ್ ಅಂಗಡಿಗಳಲ್ಲಿ ಆ ಬೀದಿ ಬದುಕಿದೆ.)

ಚಳ್ಳಕೆರೆ ಶೇಂಗಾ ಎಣ್ಣೆಯ ಮಿಲ್ಲುಗಳಿಂದ 'ಎಣ್ಣೆ ನಗರ' ಅನ್ನಿಸಿಕೊಂಡ ಕಾಲದಲ್ಲಿ ಲಾರಿಗಳದ್ದೇ ದರ್ಬಾರು. ಆಗಿನ ಲಾರಿ ಟೈರ್‌ಗಳಲ್ಲಿ ನೈಲಾನ್ ಎಳೆಗಳು ಓರೆಯಾಗಿ, ಒಂದರ ಮೇಲೊಂದು ಅಡ್ಡಡ್ಡ ಕೂರುತ್ತಿದ್ದವು. ಓಡುವಾಗ ಪದರಗಳು ಒಂದಕ್ಕೊಂದು ತಿಕ್ಕಿ ಬಿಸಿ ಹುಟ್ಟುತ್ತಿತ್ತು. ಬಟನ್ ಸವೆದರೆ ರೀಸೋಲ್ ಮಾಡಿಸಿ ಮತ್ತೆ ಓಡಿಸುವುದು. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲೇ ರೇಡಿಯಲ್ ಟೈರಿಗೆ ಪೇಟೆಂಟ್ ಮಾಡಿಸಿತ್ತು: ಎಳೆಗಳು ನೇರ ಅಡ್ಡಲಾಗಿ, ಬಟನ್ನಿನ ಕೆಳಗೆ ಉಕ್ಕಿನ ಬೆಲ್ಟ್. ಬಿಸಿ ಕಡಿಮೆ, ಬಾಳಿಕೆ ಹೆಚ್ಚು. ಭಾರತದಲ್ಲಿ ರೇಡಿಯಲ್ ತಯಾರಾಗಲು 1977ರವರೆಗೆ ಕಾಯಬೇಕಾಯಿತು. ಅದನ್ನು ಮಾಡಿದ ಜೆಕೆ ಕಂಪನಿ 1997ರಲ್ಲಿ ನಮ್ಮ ಮೈಸೂರಿನ ವಿಕ್ರಾಂತ್ ಟೈರ್ಸ್ ಅನ್ನೂ ಕೊಂಡುಕೊಂಡಿತು.

ಅದೇ ಹೊತ್ತಿಗೆ ಉತ್ತರದ ಚಳಿದೇಶಗಳು ಬೇರೆ ದಾರಿ ಹಿಡಿದಿದ್ದವು. ಫಿನ್‌ಲೆಂಡಿನಲ್ಲಿ ಈಗ ನೋಕಿಯನ್ ಅನ್ನಿಸಿಕೊಳ್ಳುವ ಕಂಪನಿ 1934ರಲ್ಲಿ ಹಿಮಕ್ಕೆಂದೇ ಟೈರ್ ಮಾಡಿತು. ಹಿಮದ ಟೈರಿನ ಗುಟ್ಟು ಮೆತ್ತನೆ ರಬ್ಬರಿನಲ್ಲಿದೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಮಾಮೂಲಿ ಟೈರ್ ಗಡುಸಾಗಿ ಹಿಡಿತ ಬಿಡುತ್ತೆ, ಇದು ಬಿಡಲ್ಲ. ಅದೇ ಮೆತ್ತನೆ ರಬ್ಬರನ್ನು ಚಳ್ಳಕೆರೆಯ ಡಾಂಬರಿನ ಮೇಲೆ ಓಡಿಸಿದರೆ ಪೆನ್ಸಿಲ್ ಅಳಿಸುವ ರಬ್ಬರಿನ ಗತಿಯೇ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಾನೂನಿನ ಪ್ರಕಾರ ಕಡ್ಡಾಯ. ಅಲ್ಲಿರುವ ಕನ್ನಡದವರೂ ಎರಡು ಸೆಟ್ ಇಟ್ಟುಕೊಂಡು ವರ್ಷಕ್ಕೆರಡು ಸಲ ಬದಲಿಸುತ್ತಾರೆಯೇ ಹೊರತು ಒಂದರಲ್ಲೇ ಎಲ್ಲ ಆಗಲಿ ಅನ್ನಲ್ಲ.

ಹಿಮ ನಮಗೆ ಕುತೂಹಲ, ಬಿಸಿ ನಮಗೆ ಅಪಾಯ. ಎಸ್‌ಯುವಿ ಇರುವವರು ತಿಳಿದಿರಲೇಬೇಕಾದ ಇತಿಹಾಸ ಅಮೆರಿಕದ್ದು, 2000ನೇ ಇಸವಿಯದ್ದು. ಫೋರ್ಡ್ ಎಕ್ಸ್‌ಪ್ಲೋರರ್ ಆಗ ಅಲ್ಲಿನ ಮಧ್ಯಮವರ್ಗದ ಕನಸಿನ ಎಸ್‌ಯುವಿ. ಅದರ ಫೈರ್‌ಸ್ಟೋನ್ ಟೈರ್‌ಗಳು ಹೈವೇ ವೇಗದಲ್ಲಿ ಇದ್ದಕ್ಕಿದ್ದಂತೆ ಸಿಪ್ಪೆ ಸುಲಿದ ಹಾಗೆ ಬಟನ್ ಕಳಚಿಕೊಳ್ಳುತ್ತಿದ್ದವು, ಎತ್ತರದ ಗಾಡಿ ಪಲ್ಟಿಯಾಗುತ್ತಿತ್ತು. ಆ ಆಗಸ್ಟ್‌ನಲ್ಲಿ ಕಂಪನಿ ಸುಮಾರು 65 ಲಕ್ಷ ಟೈರ್ ವಾಪಸ್ ಕರೆಯಿತು. ಅಮೆರಿಕದಲ್ಲೇ 270ಕ್ಕೂ ಹೆಚ್ಚು ಸಾವು ಈ ಟೈರ್‌ಗಳಿಗೆ ತಳುಕು ಹಾಕಿಕೊಂಡವು. ವಾಪಸ್ ಕರೆದ ಟೈರ್‌ಗಳಲ್ಲಿ ಒಂದರ ಹೆಸರು ವೈಲ್ಡರ್‌ನೆಸ್ ಎಟಿ. ಹೆಸರಲ್ಲಿ ಕಾಡುಮೇಡು, ಓಡಾಟ ಹೈವೇಯಲ್ಲಿ.

ದೂರುಗಳು ಎಲ್ಲಿಂದ ಹೆಚ್ಚು ಬಂದವು ನೋಡಿ: ಟೆಕ್ಸಸ್, ಅರಿಝೋನಾ, ಫ್ಲೋರಿಡಾ, ಕ್ಯಾಲಿಫೋರ್ನಿಯಾ. ಎಲ್ಲ ಬಿಸಿಲಿನ ರಾಜ್ಯಗಳೇ. ಸೌದಿ ಅರೇಬಿಯಾ, ವೆನೆಜುವೆಲಾಗಳಲ್ಲಿ ಅದಕ್ಕೂ ಮೊದಲೇ ಗಲಾಟೆ ಶುರುವಾಗಿತ್ತು. ತಯಾರಿಕೆಯ ದೋಷ, ವಿನ್ಯಾಸದ ದೋಷ ಇದ್ದವು. ಆದರೆ ಅವು ಹೊರಬಿದ್ದದ್ದು ಬಿಸಿ, ಭಾರ, ವೇಗ, ಕಡಿಮೆ ಗಾಳಿ ಒಟ್ಟಿಗೆ ಸೇರಿದಾಗ. ಗಾಡಿ ಕಂಪನಿ 26 ಪಿಎಸ್‌ಐ ಗಾಳಿ ಸಾಕು ಅಂದಿತ್ತು, ಟೈರ್ ಕಂಪನಿ 30 ಇರಬೇಕಿತ್ತು ಅಂದಿತು. 1906ರಿಂದ ಜೊತೆಗಿದ್ದ ಎರಡು ಕಂಪನಿಗಳು 2001ರಲ್ಲಿ ಬೇರೆಯಾದವು. ಗಾಳಿ ಕಡಿಮೆಯಾದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತಲ್ಲ, ಅದನ್ನು ಅಮೆರಿಕ ಕಡ್ಡಾಯ ಮಾಡಿದ್ದು ಈ ಪ್ರಕರಣದ ನಂತರ ಬಂದ ಕಾನೂನಿನಿಂದ.

ಈಗ ನಮ್ಮ ಗಾಡಿಗೆ ಬನ್ನಿ. ಹಬ್ಬಕ್ಕೆ ಊರಿಗೆ ಹೊರಟ ಎಸ್‌ಯುವಿ: ಏಳು ಜನ, ಮೇಲೆ ಕ್ಯಾರಿಯರ್, ಹಿಂದೆ ಅಮ್ಮ ಕಟ್ಟಿಕೊಟ್ಟ ಅಕ್ಕಿ ಮೂಟೆ, ಮಧ್ಯಾಹ್ನ ಎರಡು ಗಂಟೆಗೆ ಚಳ್ಳಕೆರೆ ದಾಟಿ 110ರಲ್ಲಿ ಓಡುತ್ತಿದೆ. ಗಾಳಿ ನೋಡಿಸಿ ಎರಡು ತಿಂಗಳಾಗಿದೆ. ಅರಿಝೋನಾಕ್ಕೂ ಇದಕ್ಕೂ ಏನು ವ್ಯತ್ಯಾಸ?

ಅದಕ್ಕೇ ನಾನಾಗಿದ್ದರೆ ಟೈರಿನ ಪಕ್ಕೆ ಓದುತ್ತೇನೆ. ಹಲವು ಟೈರ್‌ಗಳ ಮೇಲೆ ಟ್ರೆಡ್‌ವೇರ್ ಅಂತ ಒಂದು ಅಂಕಿ ಇರುತ್ತೆ. ಅದರ ಮೂಲ ಟೆಕ್ಸಸ್‌ನ ಸ್ಯಾನ್ ಆ್ಯಂಜೆಲೊ ಅನ್ನೋ ಒಣಭೂಮಿಯ ಊರು. ಅಲ್ಲಿ ಸುಮಾರು 640 ಕಿಲೋಮೀಟರಿನ ಸಾರ್ವಜನಿಕ ರಸ್ತೆಯ ಸುತ್ತಿನಲ್ಲಿ ಗಾಡಿಗಳು ಸಾಲಾಗಿ ಒಟ್ಟು 11,600 ಕಿಲೋಮೀಟರಿನಷ್ಟು ಓಡಿ ಸವೆತ ಅಳೆಯುತ್ತವೆ. 500 ಅಂದರೆ ಮೂಲಮಾದರಿಗಿಂತ ಐದು ಪಟ್ಟು ಅಂತ ಲೆಕ್ಕ. ಕೊನೆಗೆ ಅಂಕಿ ಕೊಡುವುದು ಕಂಪನಿಯೇ, ಹಾಗಾಗಿ ಎರಡು ಕಂಪನಿಗಳ ನಡುವೆ ಹೋಲಿಸುವಾಗ ಅದನ್ನು ಪೂರ್ತಿ ನಂಬಬೇಡಿ. ಅದರ ಪಕ್ಕದಲ್ಲೇ ಟೆಂಪರೇಚರ್ ಅಂತ ಎ, ಬಿ, ಸಿ ದರ್ಜೆ ಇರುತ್ತೆ. ಬಿಸಿ ತಾಳುವ ಶಕ್ತಿಯ ಅಳತೆ ಅದು. ಚಳ್ಳಕೆರೆ ರಸ್ತೆಗೆ ನನಗೆ ಬೇಕಾದದ್ದು ಎ. ಆಲ್ ಟೆರೈನ್ ಬೇಡ, ಹೈವೇ ಟೆರೈನ್ ಸಾಕು: ದಪ್ಪ ಬಟನ್ ಓಡುವಾಗ ನುಲಿದು ಬಿಸಿ ಹೆಚ್ಚಿಸುತ್ತೆ, ಸದ್ದು ಮಾಡುತ್ತೆ, ಮೈಲೇಜ್ ತಿನ್ನುತ್ತೆ. ಗಾಳಿಯನ್ನು ಬೆಳಗ್ಗೆ, ಟೈರ್ ತಣ್ಣಗಿದ್ದಾಗ, ಬಾಗಿಲ ಕಂಬದ ಮೇಲಿನ ಚೀಟಿ ನೋಡಿ ಹಿಡಿಸಬೇಕು; ತುಂಬಿದ ಗಾಡಿಗೆ ಅದರಲ್ಲೇ ಬೇರೆ ಲೆಕ್ಕ ಇರುತ್ತೆ. ಹಿರಿಯೂರಿನಲ್ಲಿ ಕಾಫಿಗೆ ನಿಂತಾಗ ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸಿತು ಅಂತ ಬಿಡಿಸಿದಿರೋ, ಟೈರ್ ಇನ್ನಷ್ಟು ಬಿಸಿಯಾಗೋಕೆ ನೀವೇ ದಾರಿ ಮಾಡಿಕೊಟ್ಟಂತೆ.

ಹಿಮ? ಎಂ+ಎಸ್ ಅನ್ನೋ ಗುರುತಿಗೆ ಮರುಳಾಗಬೇಡಿ, ಅದು ಬಟನ್ನಿನ ಆಕಾರ ನೋಡಿ ಕಂಪನಿಯೇ ಹಾಕಿಕೊಳ್ಳುವ ಮುದ್ರೆ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹೂವಿರುವ ಚಿತ್ರ ಇದ್ದರೆ ಮಾತ್ರ ನಿಜವಾಗಿ ಹಿಮದ ಮೇಲೆ ಪರೀಕ್ಷೆ ಆಗಿದೆ ಅಂತ ಅರ್ಥ. ಆದರೂ ವರ್ಷಕ್ಕೊಂದು ವಾರದ ಪ್ರವಾಸಕ್ಕೆ ನಾಲ್ಕು ಟೈರ್ ಬದಲಿಸುವುದಕ್ಕಿಂತ ಡಿಕ್ಕಿಯಲ್ಲಿ ಒಂದು ಜೊತೆ ಚೈನ್ ಇಟ್ಟುಕೊಳ್ಳುವುದು ಜಾಣತನ. ನ್ಯೂಯಾರ್ಕಿನ ಹ್ಯಾರಿ ವೀಡ್ 1904ರಲ್ಲಿ ಪೇಟೆಂಟ್ ಮಾಡಿಸಿದ ಉಪಾಯ ಅದು. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿ ಕಡೆ ಗಾಡಿಗಳು ಹೆಚ್ಚಿವೆ. ಹಿಮ ಜೋರಾದ ದಿನ ಪೊಲೀಸರು ಸಾಮಾನ್ಯವಾಗಿ ಫೋರ್ ವ್ಹೀಲ್ ಡ್ರೈವ್ ಅಥವಾ ಚೈನ್ ಇದ್ದವರನ್ನಷ್ಟೇ ಬಿಡುತ್ತಾರೆ.

ಅಮೃತ ಮಹಲ್ ಕಾವಲಿನ ನೆಲದಲ್ಲಿ ಈಗ ಡಿಆರ್‌ಡಿಒ ಪರೀಕ್ಷಾ ವಲಯದ ರನ್‌ವೇ ಇದೆ. 2024ರ ಜೂನ್ 23ರಂದು ಇಸ್ರೋದ ಪುಷ್ಪಕ್ ನೌಕೆ ಅಲ್ಲಿ ಇಳಿದಾಗ ಅದರ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚಿತ್ತು. ಪ್ಯಾರಾಶೂಟ್ ಬಿಚ್ಚಿ ನೂರರ ಸುಮಾರಿಗೆ ಇಳಿಸಿದ ಮೇಲೆ ಬ್ರೇಕ್ ಹಾಕಿತು. ಎತ್ತಿನ ಗಾಡಿಯ ಪಟ್ಟಿ ಸಡಿಲವಾಗುತ್ತಿದ್ದ ಅದೇ ಸೀಮೆ.

ಇನ್ನೊಂದು ವಿಷಯ, ನಗರದವರಿಗೆ ವಿಶೇಷವಾಗಿ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಯ ಒಂದು ಗುರುತಿರುತ್ತೆ. 2319 ಅಂತಿದ್ದರೆ 2019ರ 23ನೇ ವಾರ ಹುಟ್ಟಿದ್ದು. ವರ್ಕ್ ಫ್ರಮ್ ಹೋಮ್‌ನಲ್ಲಿ ಅಪಾರ್ಟ್‌ಮೆಂಟಿನ ಕೆಳಗೆ ನಿಂತೇ ಇದ್ದ ಗಾಡಿಯ ಬಟನ್ ಹೊಸದರಂತೆ ಕಾಣುತ್ತೆ, ಒಳಗೆ ರಬ್ಬರಿಗೆ ವಯಸ್ಸಾಗಿರುತ್ತೆ. ನಾಲ್ಕನ್ನೂ ನೋಡಿದ ಮೇಲೆ ಸ್ಟೆಪ್ನಿಯನ್ನೂ ಇಳಿಸಿ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಅದು ಶೋರೂಮಿನಿಂದ ಬಂದ ದಿನದ್ದೇ ಇರುತ್ತೆ, ಗಾಳಿಯೂ ಆ ದಿನದ್ದೇ.