ಕಿಡ್ನಿ ಟ್ರೇಯ ಕಾಲ

ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ನನ್ನೂರು. ನಮ್ಮ ಕಡೆ ಹೆಂಗಸರು ಆಪರೇಷನ್ ಎಂದರೆ ನೋವಿಗಿಂತ ವಾಂತಿಗೇ ಹೆದರುತ್ತಿದ್ದರು. ದಾವಣಗೆರೆಯಲ್ಲಿ ನರ್ಸ್ ಆಗಿದ್ದ ನನಗೆ ಗೊತ್ತು, ಆ ಹೆದರಿಕೆ ಸುಳ್ಳಲ್ಲ. ಎಂಬತ್ತರ ದಶಕದ ವಾರ್ಡಿನಲ್ಲಿ ನೋವಿಗೆ ಪೆಥಿಡಿನ್ ಇಲ್ಲವೇ ಫೋರ್ಟ್‌ವಿನ್, ಜೊತೆಗೆ ಫೆನರ್ಗಾನ್. ಫೆನರ್ಗಾನ್ ವಾಂತಿ ತಡೆಯುತ್ತಿತ್ತು, ಸಂಜೆವರೆಗೂ ಮಂಪರಿನಲ್ಲಿ ಕೆಡವುತ್ತಲೂ ಇತ್ತು. ಎಚ್ಚರವಾದವರು ಹೊಲಿಗೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಮೂತ್ರಪಿಂಡದಾಕಾರದ ಕಿಡ್ನಿ ಟ್ರೇಗೆ ಬಾಗಿ ಹಸಿರು ಪಿತ್ತ ಕಕ್ಕುತ್ತಿದ್ದರು.

1846ರಲ್ಲಿ ಈಥರ್ ಅರಿವಳಿಕೆ ಬಂದ ಕಾಲದಿಂದಲೂ ಈ ವಾಂತಿಯ ಕಾಟ ಇದ್ದದ್ದೇ. ಜೊತೆಗೆ ಪೆಥಿಡಿನ್, ಫೋರ್ಟ್‌ವಿನ್‌ನಂಥ ಅಫೀಮಿನ ಕುಲದ ನೋವಿನ ಔಷಧಿಗಳು ಮಿದುಳಿನಲ್ಲಿ ವಾಂತಿ ಎಬ್ಬಿಸುವ ಜಾಗವನ್ನು ಕೆಣಕುತ್ತವೆ, ಹೊಟ್ಟೆಯ ಚಲನೆಯನ್ನೂ ನಿಧಾನ ಮಾಡುತ್ತವೆ. ನೋವು ಕಳೆಯಲು ಕೊಟ್ಟದ್ದೇ ಹೊಸ ಸಂಕಟ!

1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ವಾಂತಿ ತಡೆಯುವ ಒಂಡಾನ್ಸೆಟ್ರಾನ್ ನಮ್ಮ ವಾರ್ಡಿಗೂ ಬಂದ ಮೇಲೆ ಟ್ರೇ ತೊಳೆಯುವ ಕೆಲಸ ಇಳಿಯಿತು. ಅದರಿಂದ ಮಂಪರಿಲ್ಲ; ಕೆಲವರಿಗೆ ತಲೆನೋವು, ಮಲಬದ್ಧತೆ ಅಷ್ಟೆ. ಆಪರೇಷನ್ ನಂತರ ಯಾರಿಗೆ ವಾಂತಿ ಹೆಚ್ಚು ಎಂದು ತಿಳಿಯಲು 1999ರಲ್ಲಿ ಜರ್ಮನಿಯ ಅರಿವಳಿಕೆ ಡಾಕ್ಟರ್ ಆಪ್ಫೆಲ್ ನಾಲ್ಕು ಗುರುತು ಹೇಳಿದರು: ಹೆಣ್ಣಾಗಿರುವುದು, ಬೀಡಿ ಸಿಗರೇಟು ಸೇದದಿರುವುದು (ಇದಕ್ಕಾಗಿ ಯಾರೂ ಬೀಡಿ ಹಚ್ಚಬೇಡಿ), ಹಿಂದೆ ಆಪರೇಷನ್ ನಂತರವೋ ಪ್ರಯಾಣದಲ್ಲೋ ವಾಂತಿಯಾಗಿರುವುದು, ಆಪರೇಷನ್ ನಂತರ ಅಫೀಮು ಜಾತಿಯ ಔಷಧಿ. ನಾಲ್ಕೂ ಇದ್ದರೆ ನೂರಕ್ಕೆ ಸುಮಾರು 80 ಮಂದಿಗೆ ತೊಂದರೆ. ಅಂಥವರಿಗೆ ಆಪರೇಷನ್ನಿನ ಮೊದಲಲ್ಲೇ ವಾಂತಿ ತಡೆಯಲು ಡೆಕ್ಸಾಮೆಥಾಸೋನ್, ಕೊನೆಯಲ್ಲಿ ಒಂಡಾನ್ಸೆಟ್ರಾನ್ ಕೊಡುತ್ತಾರೆ; ಸಾಧ್ಯವಾದರೆ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಅಫೀಮಿನ ಔಷಧಿಯನ್ನೇ ಕಡಿಮೆ ಮಾಡುತ್ತಾರೆ.

ಬಸ್ಸಿನಲ್ಲಿ ನಿಮಗೆ ವಾಂತಿಯಾಗುತ್ತದೆಯೇ? ಅರಿವಳಿಕೆ ಡಾಕ್ಟರಿಗೆ ಮುಂಚೆಯೇ ಹೇಳಿ, ನಾಚಿಕೆ ಬೇಡ.